ಹೋಗುವಾಗ ನಾಲ್ಕು, ಬರುವಾಗ ಐದು

ಮಂಗಳವಾರ ಹುಟ್ಟಿದವಳಿಗೆ
ಭಾನುವಾರದ ತನಕ ತಾಳು ಅಂದೆ.
ಗಾರ್ಮೆಂಟಿನಲ್ಲಿ ವಾರದ ನಡುವೆ ರಜೆ ಕೇಳಿದರೆ
ಸೂಪರ್‌ವೈಸರ್ ಮುಖ ನೋಡುವುದಿಲ್ಲ, ಗಡಿಯಾರ ನೋಡುತ್ತಾನೆ.
ಗಂಟೆಗೆ ಅರವತ್ತು ಕಾಲರು,
ಅರವತ್ತೂ ಬೇರೆಯವರ ಕತ್ತಿಗೆ.

ತಾಳಿದಳು, ತನ್ನದೇ ರೀತಿಯಲ್ಲಿ.
ಕೇಕು ಕೊಯ್ಯದೆ ಐದಾಗುವುದು ಹೇಗೆ?
ಬುಧವಾರ ಅಂಗನವಾಡಿ ಟೀಚರು ಕೇಳಿದಾಗ ನಾಲ್ಕು.
ಪಕ್ಕದ ಮನೆಯ ಖುರ್ಷಿದಮ್ಮ ಕೇಳಿದಾಗಲೂ ನಾಲ್ಕು.
ಶನಿವಾರ ರಾತ್ರಿ
ಹೆಬ್ಬೆರಳನ್ನು ಅಂಗೈಯೊಳಗೆ
ಬಚ್ಚಿಟ್ಟುಕೊಂಡೇ ಮಲಗಿದಳು.

ಎಲ್ಲಿಗೆ ಹೋಗೋಣ ಅಂದರೆ
ರೈಲಿಗೆ, ಅಂದಿದ್ದಳು.
ಊರಿನ ಹೆಸರು ಅವಳಿಗೆ ಬೇಕಿರಲಿಲ್ಲ.
ಅವರಪ್ಪ ಪಂಚರು ಅಂಗಡಿಯ ಗಲ್ಲಾ ಅಲ್ಲಾಡಿಸಿ ನೋಡಿ
ವಿದುರಾಶ್ವತ್ಥ ಅಂದರು.
ಗೌರಿಬಿದನೂರು ಬಿಟ್ಟರೆ ಮುಂದಿನ ಸ್ಟೇಷನ್ನೇ,
ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಯಬೇಕು.

ಟಿಕೆಟ್ ಕಿಂಡಿಯ ಮುಂದೆ ನಾವು:
ನನ್ನ ಕೈಯಲ್ಲಿ ಬೇಕರಿಯ ಡಬ್ಬ,
ಜೇಜಿಯ ಸೊಂಟದಲ್ಲಿ ಎಲೆಯಡಿಕೆ ಚೀಲ,
ಇವರ ಹೆಗಲ ಮೇಲೆ ಎರಡು ವರ್ಷದ ಗಗನ.
'ಮೂರು ಫುಲ್ಲು, ಒಂದು ಹಾಫು.
ಮಗಳಿಗೆ ಐದು ತುಂಬಿತು ಸಾರ್'
ಅಂದರು ಇವರು, ಎದೆ ಸ್ವಲ್ಪ ಮುಂದೆ ಮಾಡಿ.

'ಇಲ್ಲ!'
ಕಿಂಡಿ ಎಟುಕದ ಜೀವಿಕ
ಗೋಡೆಗೇ ಹೇಳಿದಳು:
'ಇನ್ನೂ ಕೊಯ್ದಿಲ್ಲ. ನಾನಿನ್ನೂ ನಾಲ್ಕು.'

ಕ್ಯೂ ನಕ್ಕಿತು. ನನಗೆ ನಾಚಿಕೆ,
ಕಾಸು ಉಳಿಸಲು ನಾನೇ ಕಲಿಸಿದ ಪಾಠ
ಅಂದುಕೊಂಡಾರು ಎಂದು.
ಕಿಂಡಿಯವನು ಬಗ್ಗಿ ಡಬ್ಬ ನೋಡಿದ.
'ಹಾಗಾದರೆ ಹೋಗುವಾಗ ಬೇಡ.
ಬರುವಾಗ ಮಾತ್ರ ತಗೋಬೇಕು ಕಣಮ್ಮ, ಮರೀಬಾರದು.'

ಮುಸುಕಿನ ಜೋಳ, ಒಂದು ಬಂಡೆ, ಒಂದು ಎಮ್ಮೆ,
ಮತ್ತೆ ಮುಸುಕಿನ ಜೋಳ.
ಅಷ್ಟೇ ರೈಲು.

ಅಲ್ಲಿ ಮರದ ಕೆಳಗೆ ಸಾಲು ಸಾಲು ನಾಗರಕಲ್ಲು,
ಅರಿಶಿನ ಮೆತ್ತಿಕೊಂಡು ಹೆಡೆಯೆತ್ತಿ ಕೂತವು.
'ಇವರೆಲ್ಲ ಯಾರ ಹುಟ್ಟುಹಬ್ಬಕ್ಕೆ ಬಂದಿದ್ದಾರೆ?'
ನಿನ್ನದಕ್ಕೇ, ಅಂದರು ಅವರಪ್ಪ.
ಇಷ್ಟು ಜನಕ್ಕೆ ಸಾಲುತ್ತದಾ ಎಂದು
ಡಬ್ಬದ ಕಡೆ ನೋಡಿದಳು.

ಮುಚ್ಚಳ ತೆರೆದರೆ ಕ್ರೀಮು ಅದಕ್ಕೇ ಹತ್ತಿ
ಹೆಸರಿನ ಕೊನೆಯಕ್ಷರ ಮೇಲೆ ಹೋಗಿತ್ತು.
ಕೇಕಿನಲ್ಲಿ ಉಳಿದದ್ದು ಬರೀ 'ಜೀವಿ'.
ಚಾಕು ಮನೆಯಲ್ಲೇ ಮರೆತಿದ್ದೆ.
ಇವರು ಜೇಬು ತಡಕಿದರು, ಬಾಚಣಿಗೆ ಸಿಕ್ಕಿತು.
ಜೇಜಿ ಮಾತಾಡದೆ ಚೀಲದಿಂದ ಅಡಕತ್ತರಿ ತೆಗೆದು
ಸೆರಗಿಗೆ ಎರಡು ಸಲ ಒರೆಸಿ ಕೊಟ್ಟರು.

ಮೇಣದಬತ್ತಿಯನ್ನು ಗಗನ ಮೂರು ಸಲ ಊದಿದ,
ನಾಲ್ಕನೆಯದು ಅವಳದ್ದು.
ಅಡಕತ್ತರಿಯ ಬಾಯಿ ಕಚಕ್ಕಂತು.
ನನ್ನ ಪಾಲಿನ ಸಿಹಿಯಲ್ಲಿ
ಒಂದು ಎಳೆ ಸುಣ್ಣ, ಒಂದು ಚೂರು ಕಡ್ಡಿಪುಡಿ.

'ಜೇಜಿ, ನಿನ್ನದು ಯಾವತ್ತು?'
ಕೆರೆ ಕೋಡಿ ಬಿದ್ದ ವರ್ಷವಂತೆ,
ಕಡಲೆಕಾಯಿ ಕೀಳುವಾಗಂತೆ.
ಆಧಾರ್ ಮಾಡಿದ ಹುಡುಗ ಅಷ್ಟನ್ನೂ ಕೇಳಿಸಿಕೊಂಡು
ಜನವರಿ ಒಂದು ಅಂತ ಬರೆದನಂತೆ.
ಐದಾದವಳು ಬೆರಳ ಕ್ರೀಮು ನೆಕ್ಕುತ್ತ
ಆಗ ಕೇಕು ಯಾರು ಕೊಯ್ದರು ಅಂದಳು.
ಜೇಜಿ ಅಡಕತ್ತರಿ ತೊಳೆಯಲು ನಲ್ಲಿಯ ಕಡೆ ಹೋದರು.

ಸಂಜೆಯ ರೈಲಿಗೆ ಅವಳದ್ದೇ ಟಿಕೆಟ್.
ಕಿಟಕಿ ಗಗನನಿಗೆ ಬಿಟ್ಟುಕೊಟ್ಟಳು,
'ಅವನು ಚಿಕ್ಕವನು ಪಾಪ.'
ಮುಷ್ಟಿಯಲ್ಲಿ ಟಿಕೆಟ್ ಹಿಡಿದು
ಬೋಗಿಯ ಎರಡೂ ಬಾಗಿಲು ಕಾದಳು.
ಟೀ ಮಾರುವವನು ಬಂದ,
ಕುರುಡು ಮುದುಕನೊಬ್ಬ ಹಾಡಿಕೊಂಡು ಬಂದ,
ಟಿಸಿ ಬರಲಿಲ್ಲ.

ಗೌರಿಬಿದನೂರು ಬಂತು. ಇಳಿಯಲೊಲ್ಲಳು.
'ಯಾರೂ ನೋಡಲೇ ಇಲ್ಲ.'
ಇವರು ಬಯ್ದರು, ಗಗನ ಅತ್ತ,
ನಾನು ಖಾಲಿ ಡಬ್ಬವನ್ನೂ ಅವಳನ್ನೂ ಎಳೆದೆ.

ಪ್ಲಾಟ್‌ಫಾರಂ ದೀಪದ ಕೆಳಗೆ ಜೇಜಿ ನಿಂತರು.
ಏದಿ, ಚೂಪಿಂಚು, ಎಂದು ಕೈ ಚಾಚಿದರು.
ಬೆವರಿಗೆ ಒದ್ದೆಯಾದ ಚೀಟಿಯನ್ನು
ತಲೆಕೆಳಗಾಗಿ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ
ತುಂಬಾ ಹೊತ್ತು ನೋಡಿದರು.
ಆಮೇಲೆ ಹಿಂದಕ್ಕೆ ಕೊಟ್ಟು
ಸರಿಗ್ಗಾ ಉಂದಿ,
ಪೋವಚ್ಚು, ಅಂದರು.