ಮೂರನೇ ಕಮಾನಿನ ಎಡಕ್ಕೆ

ಊರು ತೋರಿಸು ಅಂದೆ ಚೆಲುವಯ್ಯ ಮಾವನಿಗೆ.
ದೊಡ್ಡ ಗಡಿಯಾರದ ಬುಡದಲ್ಲಿ ನಿಂತು
ತನ್ನ ಕೈಗಡಿಯಾರ ನೋಡಿಕೊಂಡ:
'ಇದು ಎರಡು ನಿಮಿಷ ಹಿಂದೆ.'
ಅಷ್ಟೇ ಅದರ ಚರಿತ್ರೆ.

ಲ್ಯಾನ್ಸ್‌ಡೌನ್ ಕಟ್ಟಡದ ಮುಚ್ಚಿದ ಬಾಗಿಲೊಂದಕ್ಕೆ
ಬೆರಳು ಮಾಡಿ, 'ಇಲ್ಲೇ ನಿಮ್ಮತ್ತೆಗೆ
ಹಳೇ ಅಡುಗೆ ಪುಸ್ತಕ ಕೊಂಡಿದ್ದೆ.
ಕೊನೇ ಹಾಳೆ ಇರಲಿಲ್ಲ,
ಪಾಯಸ ಅರ್ಧಕ್ಕೇ ನಿಂತುಹೋಯ್ತು.'

ನಾನು ಕೇಳಿದ್ದು ಅರಸರ ವಿಷಯ,
ಯಾರು ಕಟ್ಟಿಸಿದರು, ಯಾವ ಇಸವಿ.
ಮಾವ ದೇವರಾಜ ಮಾರುಕಟ್ಟೆಯಲ್ಲಿ
ಮೊಳ ಮಲ್ಲಿಗೆಗೆ ಚೌಕಾಸಿ ಮಾಡುತ್ತಿದ್ದ,
ಹೂವಿನವಳ ಮೊಳಕೈ ಗಿಡ್ಡವೆಂದು.

ಏಳಕ್ಕೆ ಅರಮನೆ
ಒಂದೇ ಏಟಿಗೆ ಹೊತ್ತಿಕೊಂಡಿತು.
ಮೈದಾನಕ್ಕೆ ಮೈದಾನವೇ 'ಹೋ' ಅಂದಿತು,
ಮಕ್ಕಳು ಹೆಗಲೇರಿದವು, ಮೊಬೈಲು ತಲೆ ಮೇಲೆದ್ದವು.
ಮಾವ ಮಾತ್ರ ಕಣ್ಣು ಕಿರಿದು ಮಾಡಿ
ಅಷ್ಟು ಬೆಳಕಲ್ಲಿ ಏನೋ ಹುಡುಕುತ್ತಿದ್ದ
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

'ಅಗೋ, ಮೂರನೇ ಕಮಾನಿನ ಎಡಕ್ಕೆ,
ಮೇಲಿಂದ ನಾಲ್ಕನೆಯದು. ಸತ್ತಿದೆ.'

ಮೂವತ್ತೊಂದು ವರ್ಷ
ಸೊಂಟಕ್ಕೆ ಹಗ್ಗ, ಹೆಗಲಿಗೆ ಬಲ್ಬಿನ ಚೀಲ.
ಆ ಗೋಡೆಯನ್ನು ಗೇಣುಗೇಣಾಗಿ ಬಲ್ಲ;
ಹೀಗೆ ಜನರ ನಡುವೆ ನಿಂತು
ಇಡಿಯಾಗಿ ನೋಡಿದ್ದು ಕಡಿಮೆ.

ನನಗೆ ಆ ಚುಕ್ಕೆ ಕಾಣಲೇ ಇಲ್ಲ.
ಕಂಡಿತು ಅಂದೆ.
'ಎಲ್ಲಿ, ತೋರಿಸು?'
ತೋರಿಸಲಾಗಲಿಲ್ಲ.

ದೀಪ ಆರಿತು.
ಕತ್ತಲಲ್ಲಿ ಎಲ್ಲ ಕಮಾನೂ ಒಂದೇ.
ಕಡಲೆಕಾಯಿ ಸಿಪ್ಪೆ ತುಳಿಯುತ್ತ ಗೇಟಿನತ್ತ ನಡೆದೆವು,
ಎಲೆಯ ಪೊಟ್ಟಣ ಅವನ ಅಂಗೈಯಲ್ಲಿ.
'ನಾಳೆ ಹುಡುಗರಿಗೆ ಹೇಳಬೇಕು' ಅಂದ ಮಾವ.

ನಿವೃತ್ತನಾಗಿ ಆರು ವರ್ಷ.