ಚುಕ್ಕಿಯಾದ ಮೇಲೆ ಆರು ಅಂಕಿ

ಮೂಡಿಗೆರೆಯಿಂದ ಮೊದಲ ಬಸ್ಸು. ಚೀಲದಲ್ಲಿ
ಕಾಫಿ ಸಾಹುಕಾರರ ಫೋನು, ಅದಕ್ಕೊಂದು ಬ್ಯಾಟರಿ, ನನಗೊಂದು ಬುತ್ತಿ.
ಕೆಲಸ ಇಷ್ಟೇ: ಬೇಲಿಯಂಚಿಗೆ ನಡೆದು
ಮೂಲೆಮೂಲೆಗೆ ನಿಂತು ಒತ್ತಬೇಕು,
ಹೊರಟಲ್ಲಿಗೇ ಬಂದು ಗೆರೆ ಕೂಡಿಸಬೇಕು.
ತೋಟಕ್ಕೆ ಎಂಬತ್ತು ರೂಪಾಯಿ.

ಇವತ್ತು ದುಗ್ಗಮ್ಮನದು. ಮೂವತ್ತೆರಡು ಗುಂಟೆ ರೋಬಸ್ಟಾ,
ಒಂದು ಹಲಸು, ಗೊಂಚಲಿಗೆ ಕೈಯಿಟ್ಟರೆ ಚಿಗಳಿ.
"ಯಾರಿಗೆ ಬೇಕಂತೆ ಮಗಾ ಈ ಅಳತೆ?"
"ಕಡಲಾಚೆಯೋರಿಗೆ. ಕಾಡು ಕಡಿದು ಬೆಳೆದ ಕಾಫಿ
ಇನ್ನು ಕೊಳ್ಳೋದಿಲ್ಲವಂತೆ."
ಹಣ್ಣು ಬಿಡಿಸುತ್ತಲೇ ಅಂದಳು:
"ಒಳ್ಳೇದೇ ಅಲ್ವಾ. ಯಾವತ್ತಿಂದ ಲೆಕ್ಕ?"

"ಎರಡು ಸಾವಿರದ ಇಪ್ಪತ್ತು ಮುಗಿದ ದಿನದಿಂದ."

ಬುಟ್ಟಿ ಕೆಳಗಿಟ್ಟಳು.
ಎದುರಿನ ಗುಡ್ಡಕ್ಕೆ ಗದ್ದ ತೋರಿಸಿದಳು:
ಸಾವಿರ ಎಕರೆ, ಸಾಲುಸಾಲು ಸಿಲ್ವರ್ ಓಕು, ಗೇಟಿಗೆ ಕಾವಲು.
"ಅದನ್ನ ಬೋಳಿಸಿದ್ದು ನಮ್ಮ ಮುತ್ತಜ್ಜ.
ಕೊಡಲಿ ಅವನದು, ಹುಕುಂ ದೊರೆಗಳದು.
ಮರ ಗಾಡಿಯಲ್ಲಿ ಘಾಟಿ ಇಳಿದು ಹಡಗು ಹತ್ತಿತಂತೆ,
ಅವನು ಮಾತ್ರ ಇಲ್ಲೇ ಉಳಿದ.
ಅದು ಎಷ್ಟನೇ ಇಸವಿ? ಬರ್ಕೊ."

ಬರೆಯಲು ಖಾನೆಯಿಲ್ಲ.
ಫೋನು ಕೇಳುವುದು ಬೇರೆ: ಹಕ್ಕುಪತ್ರ ಇದೆಯೇ? ಹೌದು, ಇಲ್ಲ.
ಅವಳು ಸೊಂಟದ ಚೀಲದಿಂದ ತೆಗೆದದ್ದು
ಅರ್ಜಿಯ ರಸೀದಿ, ಮಡಿಕೆಮಡಿಕೆಗೂ ಹರಿದದ್ದು, ತಾಲೂಕು ಕಚೇರಿಯ ಮೊಹರು
ವೀಳ್ಯದ ಕಲೆಯ ಕೆಳಗೆ ಅರ್ಧ.
"ಅವನು ಕಡಿದದ್ದು ಹುಕುಂ ಮೇಲೆ,
ನಾನು ನೆಟ್ಟದ್ದು ಬಗರ್‌ಹುಕುಂ," ಅಂದು ನಕ್ಕಳು.
ನನಗೆ ನಗು ಬರಲಿಲ್ಲ.

ಬೇಲಿ ಸುತ್ತಿದೆವು. ಹದಿಮೂರು, ಚುಕ್ಕಿ,
ಚುಕ್ಕಿಯಾದ ಮೇಲೆ ಆರು ಅಂಕಿ:
ಅರ್ಧ ಗೇಣು ಆಚೀಚೆ ಆಗದಷ್ಟು ಕರಾರುವಾಕ್ಕು.
ಆಕಾಶದಲ್ಲಿ ಯಾವುದೋ ಯಂತ್ರಕ್ಕೆ
ಅವಳ ಹವಾಯಿ ಚಪ್ಪಲಿ ಎಲ್ಲಿದೆ ಎಂದು ಗೊತ್ತಾಯಿತು.
ದರ ಮಾತ್ರ ಕಳೆದ ವಾರದ್ದೇ.

ಪಶ್ಚಿಮದ ಮೂಲೆಗೆ ಎರಡು ಕಲ್ಲು, ಎಣ್ಣೆ ಕುಡಿದು ಕರಿದಾದವು.
"ಚಪ್ಪಲಿ ಬಿಡು. ಇದನ್ನ ಸೇರಿಸಬೇಡ ಮಗಾ,
ಇದು ಮಾರೋದಲ್ಲ."
ಬಳಸಿ ನಡೆದೆ. ಗೆರೆ ಸೊಟ್ಟಗಾಯಿತು.
ಫೋನು ಕೇಳಿತು: ಸರಿಪಡಿಸಬೇಕೇ?
ಬೇಡ, ಒತ್ತಿದೆ.

ಸಂಜೆ ಬಸ್ಸಿನಲ್ಲಿ ಹ್ಯಾಂಡ್‌ಪೋಸ್ಟ್ ಹತ್ತಿರ ಸಿಗ್ನಲ್ ಬಂತು,
ಎಂಬತ್ತು ರೂಪಾಯಿಯ ದುಗ್ಗಮ್ಮ ಮೇಲೇರಿ ಹೋದಳು.
ಯಾವುದೋ ತಣ್ಣನೆಯ ಊರಿನ ಕಚೇರಿಯಲ್ಲಿ
ಯಾರಾದರೂ ಹಿಗ್ಗಿಸಿ ನೋಡಿದರೆ
ಆ ತೋಟ ಒಂದು ಕಡೆ ಒಳಕ್ಕೆ ಬಾಗಿರುವುದು ಕಂಡೀತು,
ಯಾರೋ ಕಚ್ಚಿ ಬಿಟ್ಟ ಹಾಗೆ.
ತಪ್ಪಲ್ಲ ಅದು, ಸ್ವಾಮಿ.
ಅಲ್ಲಿ ಅವನಿದ್ದಾನೆ,
ಕೊಡಲಿ ಸಮೇತ.