ತಲೆ ಲೆಕ್ಕ

ಗೆರೆ ಎಳೆಯುವುದು ನನ್ನ ಕೆಲಸ.
ತಳಕ್ಕೆ ತೂತು ಹೊಡೆದ ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿ
ಕೋಡಿಬಾಗದ ಈ ಉಸುಕಿನ ಮೈದಾನದ ಸುತ್ತ
ನಡು ಬಗ್ಗಿಸಿ ನಡೆಯುವುದು.
ಗಾಳಿ ಬಿಟ್ಟರೆ ಅರ್ಧ ಗೆರೆ ಕಾಳಿ ಹೊಳೆಗೆ,
ಉಳಿದರ್ಧದೊಳಗೆ ನಮ್ಮ ಕಾಲೇಜಿನ ಹನ್ನೊಂದು ಮಂದಿ.

ಈ ವರ್ಷ ಮತ್ತೊಂದು ಕೆಲಸ ಕುತ್ತಿಗೆಗೆ ಕಟ್ಟಿದರು:
ನೋಡಲು ಬಂದವರ ತಲೆ ಎಣಿಸಿ ಬರೆಯುವುದು.
ಮೊದಲ ಪಂದ್ಯ, ಅಂಕೋಲೆಯವರ ಎದುರು: ಒಂಬತ್ತು.
ಇಬ್ಬರು ಮಾಜಾಳಿ ಬಸ್ಸು ತಪ್ಪಿಸಿಕೊಂಡವರು,
ಒಬ್ಬ ಬಲೆ ಹೆಣೆಯಲು ನೆರಳು ಹುಡುಕಿ ಬಂದವ,
ನಾಲ್ವರು ನಮ್ಮವೇ ಬದಲಿ ಆಟಗಾರರು,
ಶೇಂಗಾ ಮಾರುವವ, ಮತ್ತೆ ನಾನು.
ನಾಯಿಯನ್ನೂ ಹಿಡಿಯಲೋ ಸರ್, ಎಂದೆ.
ಪ್ರಾಚಾರ್ಯರು ನಗಲಿಲ್ಲ.

ಸಭೆಯಾಯಿತು. ಪ್ರೇಕ್ಷಕ ಸಮಿತಿ ಎಂದು ಹೆಸರಿಟ್ಟರು.
ಗೋವಾದ ಪಂದ್ಯಕ್ಕೆ ಟೆಂಪೋ ತುಂಬಿಕೊಂಡು ಹೋಗುವ ಊರು,
ನಮ್ಮ ಹುಡುಗರ ಆಟಕ್ಕೇನು ಧಾಡಿ,
ಎಂದು ಒಬ್ಬರು ಮೇಜು ಗುದ್ದಿದರು.
ಚಹಾ ಚೆಲ್ಲಿತು. ಒರೆಸಿದ್ದು ನಾನು.

ಹಾಜರಿ ಕೊಟ್ಟು ನೋಡಿದರು:
ಬಿ.ಕಾಂ. ಮಕ್ಕಳು ಸಾಲಾಗಿ ಬಂದು ಸಹಿ ಮಾಡಿ
ಗಾಳಿಮರದ ಸಂದಿಯಲ್ಲಿ ಒಬ್ಬೊಬ್ಬರೇ ಕರಗಿದರು.
ರಿಕ್ಷಾಕ್ಕೆ ಮೈಕು ಕಟ್ಟಿದರು:
ಕರೆಂಟು ಬಿಲ್ಲು ತುಂಬಿರೆಂದು ಕೂಗುವ ಅದೇ ಗಂಟಲು,
ಜನ ಬಾಗಿಲು ಹಾಕಿಕೊಂಡರು.
ಲಕ್ಕಿ ಡ್ರಾ ಇಟ್ಟರು, ಮೂರು ಕಿಲೋದ ಇಸವಾಣ ಮೀನು.
ಚೀಟಿ ಎತ್ತಿದ್ದು ಹನ್ನೆರಡನೇ ನಿಮಿಷಕ್ಕೆ;
ಗೆದ್ದವ ಬಾಲ ಹಿಡಿದುಕೊಂಡು ಹೊರಟ,
ಹಿಂದೆಯೇ ಅವನ ಇಡೀ ಓಣಿ.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಮೂರೂವರೆಗೆ ಈ ಊರಲ್ಲಿ ಬಿಡುವಿರುವುದು ಬೆಕ್ಕಿಗೆ ಮಾತ್ರ.

ಹಳಿಯಾಳದವರು ಬಂದ ಶನಿವಾರ
ಗೆರೆಯನ್ನು ನಿಧಾನ ಎಳೆದೆ.
ಮೂಲೆಯ ಬಾವುಟದ ಹತ್ತಿರ ಬೇಕೆಂದೇ ಸೊಟ್ಟ ಹೋಗಿ
ಕಾಲಲ್ಲಿ ಅಳಿಸಿ, ಮತ್ತೆ ಎಳೆದೆ.
ರೆಫರಿ ಗಡಿಯಾರ ನೋಡಿದ.
ಸುಣ್ಣ ಮುಗೀತು ಮಾರಾಯ್ರೆ, ತರಿಸ್ಬೇಕು, ಎಂದೆ.

ಐದಕ್ಕೆ ಸೀಟಿ ಊದುವ ಹೊತ್ತಿಗೆ
ಪೇಟೆಯ ಮೀನು ಮುಗಿದಿತ್ತು.
ಖಾಲಿ ಬುಟ್ಟಿ ಹೊತ್ತ ಹೆಂಗಸರು ಬೇಲಿಯಗುಂಟ
ಸದಾಶಿವಗಡದ ಬಸ್ಸಿಗೆಂದು ಬರುತ್ತಿದ್ದವರು.
ಗೋದು ತಾಂಡೇಲ ಗಕ್ಕನೆ ನಿಂತಳು.
ಗೋಲಿನಲ್ಲಿ ಅವಳ ಮಗ ಯಶು,
ಪ್ರಾಕ್ಟಿಕಲ್ಸು ಇದೆ ಎಂದು ಹೇಳಿ ಹೋದವ.
ಬುಟ್ಟಿ ಕವುಚಿ ಅದರ ಮೇಲೆ ಕೂತಳು.
ಉಳಿದವರೂ ಕವುಚಿದರು.

ಹಳಿಯಾಳದ ಜುವಾಂವ ಸಿದ್ದಿ ಚೆಂಡು ತಳ್ಳಿಕೊಂಡು
ಇಬ್ಬರನ್ನು ದಾಟಿ ಬಂದಾಗ
ಏಳು ಕಟ್ಟೆಯಾಚೆಯ ಗಿರಾಕಿಯನ್ನು ತಿರುಗಿಸುವ ಆ ಕಂಠ ಎದ್ದಿತು:
ಧರ್ ರೇ ಪುತಾ, ಧರ್!
ಯಶು ಬೆಚ್ಚಿ ಎಡಕ್ಕೆ ಬಿದ್ದ.
ಚೆಂಡು ಅಲ್ಲಿಗೇ ಬಂತು.

ಆಮೇಲೆ ನನ್ನ ಲೆಕ್ಕ ಕೆಟ್ಟಿತು.
ಗ್ಯಾರೇಜಿನವರು ಕೈಯಲ್ಲಿ ಸ್ಪ್ಯಾನರು ಹಿಡಿದೇ ಬಂದರು,
ದೋಣಿ ತೊಳೆಯುತ್ತಿದ್ದವರು ಒದ್ದೆ ಕಾಲಲ್ಲಿ ಬಂದರು,
ಯಾರೋ ಮನೆಯಿಂದ ಗುಮಟೆ ತಂದು ಬಡಿದರು,
ಬಿ.ಕಾಂ. ಮಕ್ಕಳು ಸಹಿಯಿಲ್ಲದೆ ಬಂದರು.
ಗೋಲಾದರೂ ಕೂಗು, ಚೆಂಡು ಹೊಳೆಗೆ ಬಿದ್ದರೂ ಕೂಗು.
ನಮ್ಮ ಬ್ಯಾಕ್ ಒಬ್ಬ ತಪ್ಪು ಕಡೆ ಒದ್ದಾಗ
ಗೋದು ಅವನಿಗೆ ಹೇಳಿದ್ದನ್ನು ರಜಿಸ್ಟರಿನಲ್ಲಿ ಬರೆಯಲಾಗದು.

ಕತ್ತಲಿಳಿದು ಕೊನೆಗೆ ನನ್ನ ಗೆರೆಯೂ ಕಾಣಲಿಲ್ಲ.
ಸೋತೆವು, ಎರಡಕ್ಕೆ ಒಂದು.
ಯಾರೂ ಏಳಲಿಲ್ಲ. ಬಸ್ಸು ಹೋಯಿತು.
ಗೋದು ಮಗನ ಕಿವಿ ಹಿಂಡಿದಳು, ಪ್ರಾಕ್ಟಿಕಲ್ಸಿನ ಬಾಬತ್ತು;
ಕಿವಿ ಬಿಡದೆಯೇ ನನ್ನ ಕಡೆ ತಿರುಗಿ ಕೇಳಿದಳು:
ಮುಂದಿನ ಆಟ ಯಾವಾಗ?

ಪ್ರೇಕ್ಷಕರ ಕಾಲಮಿನಲ್ಲಿ ಬರೆದೆ:
ಬುಟ್ಟಿ ಹದಿನಾಲ್ಕು. ತಲೆ ಎಣಿಸಲಾಗಲಿಲ್ಲ.
ಪ್ರಾಚಾರ್ಯರು ಕೆಂಪು ಶಾಯಿಯಲ್ಲಿ ಕೇಳಿದ್ದಾರೆ:
ಪಂದ್ಯ ತಡವಾದದ್ದೇಕೆ? ವಿವರಣೆ ಕೊಡಿ.

ಕೊಡಬೇಕು.
ಬರುವ ಶನಿವಾರ ಕುಮಟೆಯವರು.
ಡಬ್ಬದ ತೂತಿಗೆ ಈಗಷ್ಟೇ ಮೇಣ ಹಚ್ಚಿ
ಸ್ವಲ್ಪ ಕಿರಿದು ಮಾಡಿದೆ.